ಕಂಡ 24 ಹಲ್ಲಿ, ಕಾಣದ ಇಲಿ: ಮೊನೀಟೊ ದ್ವೀಪದ ಪ್ರಕರಣ

ಕಲ್ಲುಗುಡ್ಡಗಳಲ್ಲಿ ಹಲ್ಲಿ, ಓತಿ, ಹಾವುರಾಣಿ ಎಣಿಸುವ ಕೆಲಸಕ್ಕೆ ಹೊಸಬರು ಬಂದಾಗ ಮೊದಲ ದಿನ ಸಂಜೆ ನಾನು ಹೇಳುವ ಪ್ರಕರಣ ಇದು. ನಡೆದದ್ದು ನಮ್ಮ ನೆಲದಲ್ಲಲ್ಲ, ಕೆರಿಬಿಯನ್ ಸಮುದ್ರದ ಒಂದು ಬೋಳು ಬಂಡೆಯ ಮೇಲೆ. ಆದರೂ ಇದನ್ನೇ ಆರಿಸಿಕೊಳ್ಳುತ್ತೇನೆ. ಜಾಗ ಚಿಕ್ಕದು, ಜೀವಿ ಒಂದು, ಶತ್ರುವೂ ಬಹುಮಟ್ಟಿಗೆ ಒಂದೇ. ಸಂರಕ್ಷಣೆಯ ಕತೆಗಳು ಸಾಮಾನ್ಯವಾಗಿ ನಡುವೆಯೇ ನಿಂತುಹೋಗುತ್ತವೆ. ಇದರ ತಲೆ-ಬಾಲ ಎರಡೂ ಕಾಣುತ್ತವೆ. ಅಧಿಕಾರಿಗಳು, ಜೀವಶಾಸ್ತ್ರಜ್ಞರು, ದೋಣಿಯವರು, ಯಾರ ಹೆಸರನ್ನೂ ಇಲ್ಲಿ ಹಾಕಿಲ್ಲ. ಯಾರು ಮಾಡಿದರು ಅನ್ನುವುದಕ್ಕಿಂತ ಯಾವ ಗಳಿಗೆಯಲ್ಲಿ ಏನು ನಿರ್ಧಾರ ತೆಗೆದುಕೊಂಡರು ಅನ್ನುವುದು ನಮಗೆ ಮುಖ್ಯ.

ಜಾಗ ಮತ್ತು ಜೀವಿ

ಪೋರ್ಟೊ ರಿಕೊ ಮತ್ತು ಹಿಸ್ಪಾನಿಯೋಲ ದ್ವೀಪಗಳ ನಡುವಿನ ಕಡಲಗಾಲುವೆಗೆ ಮೋನಾ ಪ್ಯಾಸೇಜ್ ಎಂದು ಹೆಸರು. ಅದರ ನಡುಮಧ್ಯೆ ಮೋನಾ ಎಂಬ ದ್ವೀಪವಿದೆ. ಮೋನಾದಿಂದ ವಾಯವ್ಯಕ್ಕೆ ಸುಮಾರು 5 ಕಿಲೋಮೀಟರ್ ಹೋದರೆ ಸಿಗುವುದೇ ಮೊನೀಟೊ. ಅಮೆರಿಕದ ಆಡಳಿತಕ್ಕೆ ಸೇರಿದ ಪೋರ್ಟೊ ರಿಕೊದ ಮುಖ್ಯ ದ್ವೀಪದಿಂದ ಅಳೆದರೆ 68 ಕಿಲೋಮೀಟರ್‌ನಷ್ಟು ಪಶ್ಚಿಮಕ್ಕೆ. ವಿಸ್ತೀರ್ಣ ಸುಮಾರು 15 ಹೆಕ್ಟೇರ್, ಎಕರೆ ಲೆಕ್ಕದಲ್ಲಿ ನಲವತ್ತಕ್ಕೂ ಕಡಿಮೆ. ನಮ್ಮ ಕಡೆಯ ಒಂದು ಮಧ್ಯಮ ಕೆರೆಯಂಗಳ ಅಂದುಕೊಳ್ಳಿ.

ಸುಣ್ಣಕಲ್ಲಿನ ಚಪ್ಪಟೆ ನೆತ್ತಿ, ಸುತ್ತಲೂ ನೆಟ್ಟಗೆ ಸಮುದ್ರಕ್ಕಿಳಿಯುವ ಗೋಡೆ. ಎತ್ತರ 66 ಮೀಟರ್. ಮರಳಿನ ದಡ ಅನ್ನುವುದು ಒಂದು ಮಾರೂ ಇಲ್ಲ. ಅಲೆ ದೋಣಿಯನ್ನು ಮೇಲಕ್ಕೆತ್ತಿದ ಕ್ಷಣ ನೋಡಿಕೊಂಡು ಬಂಡೆಯ ಅಂಚಿಗೆ ಹಾರಬೇಕು, ಆಮೇಲೆ ಗೋಡೆ ಹತ್ತಬೇಕು, ನೀರಿನ ಕ್ಯಾನು, ಡೇರೆ, ಅಕ್ಕಿಬೇಳೆ ಎಲ್ಲವನ್ನೂ ಹಿಂದಿನಿಂದ ಎಳೆದುಕೊಳ್ಳಬೇಕು. ಪೋರ್ಟೊ ರಿಕೊಗೆ ಸೇರಿದ ದ್ವೀಪಗಳಲ್ಲೆಲ್ಲ ಕಾಲಿಡಲು ಅತಿ ಕಷ್ಟವಾದದ್ದು ಇದೇ ಎನ್ನುತ್ತಾರೆ. ಮೇಲೆ ಒಣಕಾಡು: ಕುರುಚಲು ಗಿಡ, ಪಾಪಾಸುಕಳ್ಳಿ, ಕೆಳಗೆ ತರಗೆಲೆ, ಒಡೆದ ಕಲ್ಲು. ಬೂಬಿ ಮತ್ತು ಫ್ರಿಗೇಟ್ ಎಂಬ ಕಡಲಹಕ್ಕಿಗಳಿಗೆ ಅದು ಬಾಣಂತಿಮನೆ.

ಹೆಸರಿನ ಬಗ್ಗೆ ಒಂದು ಮಾತು. ಸ್ಪ್ಯಾನಿಷ್‌ನಲ್ಲಿ ಮೊನೀಟೊ ಅಂದರೆ ಪುಟ್ಟ ಕೋತಿ. ಅಲ್ಲಿ ಕೋತಿಯೂ ಇಲ್ಲ, ಕೋತಿ ಜಿಗಿಯುವಂಥ ಮರವೂ ಇಲ್ಲ. ಆದರೆ 1974ರಲ್ಲಿ ಅಲ್ಲೊಂದು ಪುಟಾಣಿ ಹಲ್ಲಿ ಸಿಕ್ಕಿ, 1977ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿದಾಗ, ದ್ವೀಪದ ಹೆಸರನ್ನೇ ಗ್ರೀಕಿಗೆ ತಿರುಗಿಸಿ 'ಮೈಕ್ರೊಪಿಥೀಕಸ್' ಎಂದು ಕರೆದರು. ಹೀಗೆ ಒಂದು ಹಲ್ಲಿ ಜೀವಮಾನವಿಡೀ ಕೋತಿಮರಿ ಎಂಬ ಹೆಸರು ಹೊತ್ತು ಓಡಾಡುವಂತಾಯಿತು. ಅದರ ಕುಲ ಸ್ಫೇರೋಡ್ಯಾಕ್ಟೈಲಸ್, ಅಂದರೆ ದುಂಡು ಬೆರಳಿನದು. ನಮ್ಮ ಮನೆಹಲ್ಲಿಯ ಕಾಲ್ಬೆರಳಿನಡಿ ಇರುವ ಅಗಲವಾದ ಪಟ್ಟಿಗಳ ಬದಲು ಈ ಕುಲದ ಹಲ್ಲಿಗಳಿಗೆ ಬೆರಳ ತುದಿಯಲ್ಲಿ ಒಂದೊಂದು ಪುಟ್ಟ ಬಿಲ್ಲೆ. ಈ ಗುಂಪಿನವು ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತವೆ. ಮೊನೀಟೊ ಹಲ್ಲಿ ಮೂತಿಯಿಂದ ಬಾಲದ ಬುಡದವರೆಗೆ ಹೆಚ್ಚೆಂದರೆ 36 ಮಿಲಿಮೀಟರ್. ಕಲ್ಲಿನ ಬಣ್ಣದ್ದೇ ಮೈ. ಹೆಬ್ಬೆರಳಿನ ಮೇಲೆ ಕೂರಿಸಿದರೆ ಉಗುರಿನಾಚೆ ಬರೀ ಬಾಲ ಉಳಿಯುತ್ತದೆ. ಇದಕ್ಕಿಂತ ಚಿಕ್ಕವೂ ಈ ಕುಲದಲ್ಲಿವೆ. ಡೊಮಿನಿಕನ್ ಗಣರಾಜ್ಯದ ಬಿಯಾಟ ದ್ವೀಪದ ಒಂದು ಪ್ರಭೇದ 16 ಮಿಲಿಮೀಟರಿಗೇ ಬೆಳವಣಿಗೆ ಮುಗಿಸುತ್ತದೆ.

ಇಡೀ ಭೂಮಿಯಲ್ಲಿ ಮೊನೀಟೊ ಹಲ್ಲಿಗೆ ಇರುವುದು ಆ ಹದಿನೈದು ಹೆಕ್ಟೇರ್ ಮಾತ್ರ.

ಒಂದು ಸಂಖ್ಯೆ ಊರಿದ್ದು

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೇನೆ ಈ ದ್ವೀಪವನ್ನು ಬಾಂಬ್ ಎಸೆಯುವ ಅಭ್ಯಾಸಕ್ಕೆ ಬಳಸಿಕೊಂಡಿತು. ಯಾರೂ ವಾಸವಿಲ್ಲದ ಬಂಡೆ ತಾನೆ ಎಂಬ ಧೈರ್ಯ. ಸಿಡಿದ ಕಲ್ಲಿನ ರಾಶಿ, ತುಕ್ಕು ಹಿಡಿದ ಲೋಹದ ಚೂರು, ಸಿಡಿಯದೆ ಉಳಿದ ಮದ್ದುಗುಂಡು ಇವತ್ತಿಗೂ ಅಲ್ಲಿವೆ. ಸಾರ್ವಜನಿಕರು ಅಲ್ಲಿಗೆ ಹೋಗದಿರಲು ಅದೂ ಒಂದು ಕಾರಣ. ಮನುಷ್ಯರ ದೋಣಿಗಳ ಜೊತೆ ಬಂದ ಇನ್ನೊಂದು ಉಡುಗೊರೆ ಕಪ್ಪು ಇಲಿ. ನಮ್ಮ ಅಟ್ಟದ ಮೇಲೆ ಓಡಾಡುತ್ತದಲ್ಲ, ಅದೇ ಜಾತಿ. ಗೋಡೆ ಹತ್ತುವುದು, ಮರ ಹತ್ತುವುದು, ಮೊಟ್ಟೆ ಕದಿಯುವುದು, ಅದಕ್ಕೆ ಬಾರದ ವಿದ್ಯೆಯಿಲ್ಲ.

1982ರಲ್ಲಿ ಹಲ್ಲಿಯ ಸ್ಥಿತಿಗತಿ ತಿಳಿಯಲು ಹೋದವರು ಎರಡು ದಿನ ಹುಡುಕಿದರು. ಕಂಡದ್ದು 24.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ಮೊನೀಟೊ ಹಲ್ಲಿ ಪಟ್ಟಿಗೆ ಸೇರಿತು. ಇಡೀ ದ್ವೀಪವನ್ನು ಅದರ ನಿರ್ಣಾಯಕ ಆವಾಸವೆಂದು ಘೋಷಿಸಿದರು. ಇದು ಪ್ರಕರಣದ ಮೊದಲ ತಿರುವು. ಕೈಯಲ್ಲಿದ್ದ ಮಾಹಿತಿ ತೀರ ಬಡವಾಗಿದ್ದರೂ ಆ ನಿರ್ಧಾರ ಸರಿಯಾಗಿತ್ತು ಅಂತಲೇ ನನ್ನ ಅಭಿಪ್ರಾಯ. ಬಾಂಬ್ ಬಿದ್ದ, ಇಲಿ ಹೊಕ್ಕ, ಇಷ್ಟೇ ಇಷ್ಟು ಜಾಗ. ಪೂರ್ತಿ ಲೆಕ್ಕ ಸಿಗಲಿ ಆಮೇಲೆ ನೋಡೋಣ ಎಂದು ಕೂತಿದ್ದರೆ ಲೆಕ್ಕ ಹಾಕಲು ಹಲ್ಲಿಯೇ ಉಳಿಯದೆ ಹೋಗಬಹುದಿತ್ತು.

ತೊಂದರೆ ಆಮೇಲೆ ಶುರುವಾಯಿತು. 24 ಎಂಬ ಸಂಖ್ಯೆ ಕಾಗದದಿಂದ ಕಾಗದಕ್ಕೆ ನಡೆಯುತ್ತ ಬಂತು. 'ಎರಡು ದಿನದಲ್ಲಿ 24 ಕಂಡವು' ಎಂಬ ಮಾತು ಓದುವವರ ಮನಸ್ಸಿನಲ್ಲಿ ಮೆಲ್ಲಗೆ 'ಇರುವುದೇ ಬೆರಳೆಣಿಕೆ' ಎಂದಾಗಿಬಿಡುತ್ತದೆ. ಹಲ್ಲಿ ಎಣಿಸಿದವರಿಗೆ ಇವೆರಡರ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಕಲ್ಲು ಎತ್ತುವಾಗ ಆಚೆಬದಿಯ ಅಂಚು ಹಿಡಿದು ನಮ್ಮ ಕಡೆಗೆ ಎತ್ತುತ್ತೇವೆ. ಕೆಳಗೆ ಹಾವಿದ್ದರೆ ನಮಗೂ ಅದಕ್ಕೂ ನಡುವೆ ಕಲ್ಲು ಇರಲಿ ಅಂತ. ಹಾಗೆ ಎತ್ತಿದ ಅರೆಕ್ಷಣದಲ್ಲಿ ಏನೋ ಒಂದು ಗೆರೆ ಎಳೆದಂತೆ ಸರಿದುಹೋಗುತ್ತದೆ. ಎಲೆಯೋ, ನೆರಳೋ, ಹಲ್ಲಿಯೋ? ಪುಸ್ತಕದಲ್ಲಿ ಒಂದು ಗೀಟು ಹಾಕಬೇಕೋ ಬೇಡವೋ? ನಲವತ್ತು ಕಲ್ಲು ಎತ್ತಿ, ನಲವತ್ತನ್ನೂ ಇದ್ದ ಗುಳಿಗೇ ಕೂರಿಸಿ ಸೊಂಟ ಹಿಡಿದುಕೊಂಡು ನಿಂತಾಗ ಪುಸ್ತಕದಲ್ಲಿ ಮೂರು ಗೀಟು. ಆ ಮೂರು ಗೀಟು ಗುಡ್ಡದ ಲೆಕ್ಕ ಅಲ್ಲ, ನಮ್ಮ ಕಣ್ಣು ಮತ್ತು ಸೊಂಟದ ಲೆಕ್ಕ.

ಪುರಾವೆ ಇಲ್ಲದ ಆರೋಪಿ

ಬಾಂಬ್ ಅಭ್ಯಾಸ ನಿಂತುಹೋಗಿತ್ತು. ಉಳಿದದ್ದು ಇಲಿ. ಇಲ್ಲಿ ಎರಡನೇ ನಿರ್ಧಾರ ಬರುತ್ತದೆ. ಪ್ರಕರಣದಲ್ಲಿ ಅತಿ ಹೆಚ್ಚು ಚರ್ಚೆಗೆ ಅರ್ಹವಾದದ್ದು ಇದೇ.

ಇಲಿಗಳು ಮೊನೀಟೊ ಹಲ್ಲಿಯನ್ನು ತಿನ್ನುತ್ತಿವೆ ಎಂಬುದು ಶಂಕೆ ಮಾತ್ರ. ಕಣ್ಣಾರೆ ಕಂಡ ಸಾಕ್ಷಿಯ ಮೇಲೆ ನಿಂತ ಮಾತಲ್ಲ. ಎದುರುವಾದವೂ ಬಲವಾಗಿಯೇ ಇತ್ತು. ಪಕ್ಕದ ಮೋನಾದಲ್ಲಿ ಇದೇ ಕುಲದ ಇನ್ನೊಂದು ಹಲ್ಲಿ, ಅಲ್ಲಿಗಷ್ಟೇ ಸೀಮಿತವಾದದ್ದು, ಇಲಿ ಬೆಕ್ಕುಗಳ ನಡುವೆಯೇ ಬದುಕಿಕೊಂಡಿದೆ. ಮೊನೀಟೊದಲ್ಲೇ ಹಲ್ಲಿಯನ್ನು ಹಿಡಿದು ತಿನ್ನಬಲ್ಲ ದೊಡ್ಡ ಓತಿಗಳಿವೆ. ಹಾಗಿದ್ದಮೇಲೆ ಇಲಿಯೊಂದರ ಮೇಲೇ ಯಾಕೆ ಕಣ್ಣು?

ಇದಕ್ಕೆ ಉತ್ತರ ಹೀಗೆ. ಓತಿಯೂ ಹಲ್ಲಿಯೂ ಹುಟ್ಟಾ ನೆರೆಹೊರೆ. ಒಂದರ ಓಟ ಇನ್ನೊಂದಕ್ಕೆ ಗೊತ್ತು. ಇಲಿ ನಿನ್ನೆ ಮೊನ್ನೆ ಬಂದದ್ದು, ರಾತ್ರಿ ಓಡಾಡುತ್ತದೆ, ಬಿರುಕಿಗೆ ಮೂತಿ ತೂರಿಸುತ್ತದೆ, ಮೊಟ್ಟೆಯನ್ನೂ ಬಿಡುವುದಿಲ್ಲ. ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುವ ಜೀವಿಗೆ ಆ ಒಂದು ಹೋದರೆ ಆ ಸರದಿಯೇ ಹೋದಂತೆ. ಬೇರೆ ಕಡೆಯ ಅನುಭವವೂ ಇತ್ತು: ನ್ಯೂಜಿಲೆಂಡಿನ ಕೊರಪುಕಿ ಎಂಬ ಪುಟ್ಟ ದ್ವೀಪದಲ್ಲಿ 1986ರಲ್ಲಿ ಇಲಿ ತೆಗೆದ ಮೇಲೆ ಅಲ್ಲಿನ ಸರೀಸೃಪಗಳು ಚೇತರಿಸಿಕೊಂಡವು. ಇದರ ಮೇಲೆ, ಇಲಿ ಹೋದರೆ ಹಲ್ಲಿಗೆ ಲಾಭವಾಗದಿದ್ದರೂ ನೆಲದ ಮೇಲೆ ಮೊಟ್ಟೆಯಿಡುವ ಕಡಲಹಕ್ಕಿಗಳಿಗಂತೂ ಆಗುತ್ತದೆ.

ನಾನು ಹೊಸಬರ ಎದುರು ಇಟ್ಟು ಕೇಳುವ ಪ್ರಶ್ನೆ ಇದು: ನೀವು ಆ ಮೇಜಿನ ಮುಂದೆ ಕೂತಿದ್ದರೆ ಮೊದಲು ಸಾಕ್ಷಿ ಕೇಳುತ್ತಿದ್ದಿರೋ, ಮೊದಲು ವಿಷ ಇಡುತ್ತಿದ್ದಿರೋ? ಸಾಕ್ಷಿ ಬೇಕೆಂದರೆ ಇಲಿಗಳನ್ನು ಹಿಡಿದು ಹೊಟ್ಟೆ ಕೊಯ್ದು ನೋಡಬೇಕು, ಇಲಿ ಇರುವಾಗ ಮತ್ತು ಇಲ್ಲದಾಗ ಹಲ್ಲಿ ಎಷ್ಟೆಂದು ಒಂದೇ ವಿಧಾನದಲ್ಲಿ ಎಣಿಸಬೇಕು. ಪೋರ್ಟೊ ರಿಕೊದ ನೈಸರ್ಗಿಕ ಸಂಪನ್ಮೂಲ ಇಲಾಖೆ 1992-93ರಲ್ಲಿ ವಿಷ ಇಡುವ ದಾರಿಯನ್ನೇ ಹಿಡಿಯಿತು. ತಪ್ಪಾದರೆ ಏನು ನಷ್ಟ ಎಂದು ಎರಡೂ ಕಡೆ ತೂಗಿ ನೋಡಿ. ಇಲಿ ನಿರಪರಾಧಿಯಾಗಿದ್ದರೆ ಒಂದಿಷ್ಟು ಹಣ, ಶ್ರಮ, ಮತ್ತು ಜಗತ್ತಿನಲ್ಲಿ ಎಲ್ಲೆಲ್ಲೂ ಇರುವ ಜಾತಿಯ ಒಂದಿಷ್ಟು ಇಲಿಗಳು. ಇಲಿ ಅಪರಾಧಿಯಾಗಿದ್ದು ನಾವು ಸಾಕ್ಷಿಗೆ ಕಾದರೆ, ಎಲ್ಲೆಲ್ಲೂ ಇಲ್ಲದ ಹಲ್ಲಿ. ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದು ಸ್ಪಷ್ಟ. ಆದರೆ ಅದಕ್ಕೆ ತೆತ್ತ ಬೆಲೆಯೂ ಇದೆ, ಮುಂದೆ ಬರುತ್ತದೆ.

ಬೆಟ್ಟ ಅಗೆದು ಇಲಿ ಹಿಡಿದದ್ದು

ನಮ್ಮ ಊರುಗಳಲ್ಲಿ ಇಲಿ ಪಾಷಾಣ ಇಟ್ಟವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಮೊದಲ ರಾತ್ರಿ ಒಂದೆರಡು ಬೀಳುತ್ತವೆ. ಆಮೇಲೆ ಅದೇ ಉಂಡೆಯನ್ನು ಯಾವ ಇಲಿಯೂ ಮೂಸುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಸಂಕಟವಾದರೆ, ಬದುಕಿಕೊಂಡ ಇಲಿ ಆ ರುಚಿಗೂ ಆ ಸಂಕಟಕ್ಕೂ ಗಂಟು ಹಾಕಿಕೊಳ್ಳುತ್ತದೆ. ದ್ವೀಪಗಳಲ್ಲಿ ಬಳಸುವುದು ಬೇರೆ ಜಾತಿಯ ವಿಷ, ರಕ್ತ ಹೆಪ್ಪುಗಟ್ಟದಂತೆ ಮಾಡುವುದು. ತಿಂದ ಇಲಿಗೆ ಕೆಲವು ದಿನ ಏನೂ ಅನ್ನಿಸುವುದಿಲ್ಲ. ನಾಳೆಯೂ ಬಂದು ತಿನ್ನುತ್ತದೆ, ನಾಡಿದ್ದೂ. ಒಳಗೆ ವಿಟಮಿನ್ ಕೆ ಕೆಲಸ ನಿಂತು, ರಕ್ತಸ್ರಾವವಾಗಿ ಸಾಯುವ ಹೊತ್ತಿಗೆ ಯಾವ ಊಟದಿಂದ ಹೀಗಾಯಿತೆಂದು ಅದಕ್ಕೂ ಗೊತ್ತಾಗದು, ನೋಡಿದ ಇಲಿಗಳಿಗೂ ಗೊತ್ತಾಗದು. ಕ್ರೂರವೇ, ಸುಮ್ಮನೆ ಹೂ ಮುಚ್ಚಿ ಹೇಳುವುದರಲ್ಲಿ ಅರ್ಥವಿಲ್ಲ. ಕೀಟಗಳ ರಕ್ತಕ್ಕೆ ವಿಟಮಿನ್ ಕೆ ನಂಟಿಲ್ಲದ್ದರಿಂದ ಅವಕ್ಕೆ ಇದು ತಟ್ಟುವುದಿಲ್ಲ. ಸರೀಸೃಪಗಳಿಗೆ ಅಪಾಯ ಸಸ್ತನಿಗಳಿಗಿಂತ ಕಡಿಮೆ ಎಂಬ ಲೆಕ್ಕಾಚಾರದ ಮೇಲೆಯೇ ಇಂಥ ಕೆಲಸಗಳು ನಡೆಯುತ್ತವೆ.

1992-93ರ ಸುತ್ತು ಇಲಿಗಳನ್ನು ಪೂರ್ತಿ ಮುಗಿಸಲಿಲ್ಲ. ಒಂದಷ್ಟು ಉಳಿದುಕೊಂಡವು. ನೂರಕ್ಕೆ ತೊಂಬತ್ತೊಂಬತ್ತು ಅಂಕ ತೆಗೆದರೂ ಫೇಲು ಮಾಡುವ ಪರೀಕ್ಷೆ ಇದು. ಮೂರು ವಾರಕ್ಕೊಮ್ಮೆ ಮರಿಹಾಕುವ ಶಕ್ತಿಯಿರುವ, ಆ ಮರಿಗಳು ಮೂರು ನಾಲ್ಕು ತಿಂಗಳಿಗೆ ತಾವೇ ತಾಯಾಗುವ ಪ್ರಾಣಿಯಲ್ಲಿ ಒಂದು ಬಸುರಿ ಉಳಿದರೆ ಸಾಕು. ನೆತ್ತಿಯ ಮೇಲೆ ಹೆಜ್ಜೆ ಹೆಜ್ಜೆಗೂ ವಿಷ ಇಡಬಹುದು. ಆದರೆ 66 ಮೀಟರ್ ನೆಟ್ಟಗಿನ ಗೋಡೆಯ ಬಿರುಕುಗಳನ್ನು ಏನು ಮಾಡುವುದು? ಇಲಿಗೆ ಆ ಗೋಡೆಯೂ ಮನೆಯೇ.

ಮೂರನೇ ತಿರುವು ಇದು. ಮೇಲ್ನೋಟಕ್ಕೆ ತಿರುವಿನ ಹಾಗೆ ಕಾಣುವುದೇ ಇಲ್ಲ. ಇಂಥ ಅರ್ಧ ಗೆಲುವಿನ ನಂತರ ಇಲಾಖೆಗಳು ಸಾಮಾನ್ಯವಾಗಿ ಏನು ಮಾಡುತ್ತವೆ ಎಂದು ನಮಗೆಲ್ಲ ಗೊತ್ತು. 'ಗಣನೀಯ ಇಳಿಕೆ ಕಂಡುಬಂದಿದೆ' ಎಂದು ವರದಿ ಬರೆದು ಕಡತ ಕಟ್ಟಿಡುತ್ತವೆ. ಇಲ್ಲಿ ಹಾಗಾಗಲಿಲ್ಲ. ಐದಾರು ವರ್ಷ ತಡವಾದರೂ 1998-99ರಲ್ಲಿ ಮತ್ತೆ ಅದೇ ದೋಣಿ, ಅದೇ ಹಾರುವಿಕೆ, ಅದೇ ಗೋಡೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಎಂದು ನಾವು ದಂಡದ ಕೆಲಸಕ್ಕೆ ಹೇಳುತ್ತೇವಲ್ಲ, ಮೊನೀಟೊದಲ್ಲಿ ಹಿಡಿಯಬೇಕಾಗಿದ್ದುದೇ ಇಲಿ, ಬೆಟ್ಟ ಅಗೆಯದೆ ಬೇರೆ ದಾರಿ ಇರಲಿಲ್ಲ. ಎರಡನೇ ಸುತ್ತಿನ ನಂತರ ಬೋನಿಗೆ ಒಂದೂ ಬೀಳಲಿಲ್ಲ.

ಮೊದಲ ಸುತ್ತಿನ ಸೋಲು ಇವರೊಬ್ಬರದೇ ಏನಲ್ಲ. ಅದೇ ಕಡಲಿನಲ್ಲಿ, ಪೋರ್ಟೊ ರಿಕೊಗೆ ಇನ್ನೂ ಹತ್ತಿರ, ಡೆಸೆಚಿಯೊ ಎಂಬ ಒಣದ್ವೀಪವಿದೆ. ಅದಕ್ಕೂ ಅದರದೇ ಒಂದು ಸ್ಫೇರೋಡ್ಯಾಕ್ಟೈಲಸ್ ಹಲ್ಲಿ ಇದೆ. ಅಲ್ಲಿ 2012ರಲ್ಲಿ ಇಲಿ ನಿರ್ಮೂಲನ ಮಾಡಲು ಹೋಗಿ ಸೋತರು, 2016ರಲ್ಲಿ ಮತ್ತೆ ಮಾಡಿ ಗೆದ್ದರು, 2017ರಲ್ಲಿ ಇಲಿಮುಕ್ತ ಎಂದು ಸಾರಿದರು. ಎರಡನೇ ಸಲಕ್ಕೂ ಹಣ ತೆಗೆದಿಡದೆ ಮೊದಲನೆಯದಕ್ಕೆ ಕೈಹಾಕಬಾರದು ಎಂದು ನಾನು ಬಜೆಟ್ ಬರೆಯುವವರಿಗೆ ಹೇಳುವುದು ಈ ಎರಡು ದ್ವೀಪಗಳನ್ನು ನೋಡಿಯೇ.

ಕಾಣಲಿಲ್ಲ ಎಂದರೆ ಇಲ್ಲ ಎಂದೇ?

ಪ್ರಕರಣದ ಗಂಟು ಇರುವುದು ಇಲ್ಲಿ. 1982ರಲ್ಲಿ ಹಲ್ಲಿ ಹೆಚ್ಚು ಕಾಣಲಿಲ್ಲ. ಹಾಗಾಗಿ ಹೆಚ್ಚು ಇಲ್ಲ ಎಂದುಕೊಂಡರು. 1999ರ ನಂತರ ಇಲಿ ಕಾಣಲಿಲ್ಲ. ಹಾಗಾದರೆ ಇಲಿ ಇಲ್ಲ ಎನ್ನಬಹುದೇ? ಒಂದೇ ಬಗೆಯ ಮಾತು, ಆದರೆ ಒಂದನ್ನು ಬೇಗ ನಂಬಬೇಕು, ಇನ್ನೊಂದನ್ನು ತಡವಾಗಿ. ಹಲ್ಲಿ ಕಡಿಮೆ ಎಂದು ತಪ್ಪಾಗಿ ನಂಬಿದರೆ ಹೆಚ್ಚುವರಿ ರಕ್ಷಣೆ ಕೊಟ್ಟಂತಾಗುತ್ತದೆ, ಅಷ್ಟೇ. ಇಲಿ ಇಲ್ಲ ಎಂದು ತಪ್ಪಾಗಿ ನಂಬಿದರೆ ಮಾಡಿದ್ದೆಲ್ಲ ಮಣ್ಣುಪಾಲು. ಅಟ್ಟದಲ್ಲಿ ಒಂದು ವಾರ ಸದ್ದಿಲ್ಲವೆಂದು ಅಕ್ಕಿಮೂಟೆಯ ಬಾಯಿ ಬಿಚ್ಚಿಡುವವರು ಯಾರೂ ಇಲ್ಲ.

ಹಾಗೆಂದು ಎಷ್ಟು ತಡ? ದ್ವೀಪಗಳಲ್ಲಿ ಇಲಿ ತೆಗೆಯುವವರು ಸಾಮಾನ್ಯವಾಗಿ ಒಂದೆರಡು ವರ್ಷ ಕಾದು ತಪಾಸಣೆ ಮಾಡಿ ಘೋಷಿಸುತ್ತಾರೆ. ಉಳಿದ ಇಲಿಗಳಿದ್ದರೆ ಅಷ್ಟರಲ್ಲಿ ಸಂಸಾರ ಹೆಚ್ಚಿ ತಾವಾಗಿಯೇ ಸಿಕ್ಕಿಬೀಳುತ್ತವೆ. ಮೊನೀಟೊದಲ್ಲಿ ಗಟ್ಟಿಯಾದ ಮರುತಪಾಸಣೆ ನಡೆದದ್ದು 2014ರಲ್ಲಿ. ಇಲಿಯ ಸುಳಿವು ಸಿಗಲಿಲ್ಲ. 2016ರಲ್ಲಿ ಮತ್ತೆ ನೋಡಿದರು, ಆಗಲೂ ಇಲ್ಲ. ಹದಿನೈದು ಹದಿನೇಳು ವರ್ಷದ ಮೌನ ಸಾಕಷ್ಟು ಗಟ್ಟಿ ಸಾಕ್ಷಿ, ಒಪ್ಪಿದೆ. ಆದರೆ ಈ ನಡುವಿನ ಖಾಲಿ ವರ್ಷಗಳನ್ನು ನಾನು ಹೊಗಳಲಾರೆ. ದೋಣಿ ಇಳಿಯುವುದು ಕಷ್ಟ, ಮದ್ದುಗುಂಡಿನ ಭಯ, ಹಣದ ಕೊರತೆ, ಎಲ್ಲ ನಿಜ. ಅಷ್ಟಾದರೂ ಗೆದ್ದ ಕೆಲಸದ ಫಲ ಏನೆಂದು ನೋಡಲು ಒಂದೂವರೆ ದಶಕ ಬೇಕಾದದ್ದು ಸೋಲಲ್ಲದಿದ್ದರೂ ಸೋಮಾರಿತನದ ಸಮೀಪದ್ದು. ಅಷ್ಟು ಕಾಲ ಹಲ್ಲಿ ಕಾಗದದ ಮೇಲೆ ಅಳಿವಿನಂಚಿನಲ್ಲೇ ಕೂತಿತ್ತು.

2016ರ ಎಣಿಕೆ

ಈ ಸಲ ಎಣಿಸಲು ಹೋದವರು 'ಎಷ್ಟು ಕಂಡವು' ಎಂಬ ಒಂದೇ ಪ್ರಶ್ನೆ ಹಿಡಿದು ಹೋಗಲಿಲ್ಲ. 'ಇದ್ದರೂ ಕಾಣದೆ ಹೋಗುವ ಸಂಭವ ಎಷ್ಟು' ಎಂಬುದನ್ನೂ ಅಳೆಯುವಂತೆ ಕೆಲಸ ಹೊಂದಿಸಿಕೊಂಡರು. ದ್ವೀಪದ ಮೇಲೆ ಚದುರಿದ ತುಂಡುಗಳನ್ನು ಗುರುತು ಮಾಡಿ, ಪ್ರತಿ ತುಂಡಿಗೂ ಮತ್ತೆ ಮತ್ತೆ ಹೋಗಿ ಎಣಿಸುವುದು ಈ ವಿಧಾನದ ಜೀವಾಳ.

ಇದನ್ನು ನಿಮ್ಮ ಅಡುಗೆಮನೆಯಲ್ಲೇ ಅರ್ಥಮಾಡಿಕೊಳ್ಳಬಹುದು. ರಾತ್ರಿ ದೀಪ ಹಾಕಿದಾಗ ಟ್ಯೂಬ್‌ಲೈಟಿನ ಹತ್ತಿರ ಎರಡು ಹಲ್ಲಿ. ಮರುದಿನ ಒಂದು. ಅದರ ಮರುದಿನ ಯಾವುದೂ ಇಲ್ಲ. ನಾಲ್ಕನೇ ದಿನ ಮೂರು. ನಿಮ್ಮ ಮನೆಯಲ್ಲಿ ಹಲ್ಲಿ ಎಷ್ಟು? 'ಸರಾಸರಿ ಒಂದೂವರೆ' ಎಂದರೆ ನಗಬೇಕಾಗುತ್ತದೆ. ಮೂರಂತೂ ಇದ್ದೇ ಇವೆ. ದಿನದಿನಕ್ಕೂ ಲೆಕ್ಕ ಇಷ್ಟು ಜಿಗಿಯುತ್ತಿದೆ ಎಂದರೆ ನಿಮ್ಮ ಕಣ್ಣಿಗೆ ಬೀಳುವುದು ಇರುವುದರ ಒಂದು ಪಾಲು ಮಾತ್ರ. ಹಬ್ಬಕ್ಕೆ ಸುಣ್ಣ ಬಳಿಯಲೆಂದು ಗೋಡೆಯ ದೇವರ ಪಟಗಳನ್ನೆಲ್ಲ ಇಳಿಸಿದ ದಿನ ಹಿಂದಿನಿಂದ ಆರೇಳು ಓಡುತ್ತವೆ, ಆಗ ಸತ್ಯ ಗೊತ್ತಾಗುತ್ತದೆ. ದ್ವೀಪದಲ್ಲಿ ಪಟ ಇಳಿಸಲು ಆಗುವುದಿಲ್ಲ. ಅದರ ಬದಲು ಒಂದೇ ತುಂಡಿನ ಲೆಕ್ಕ ಭೇಟಿಯಿಂದ ಭೇಟಿಗೆ ಎಷ್ಟು ಏರುಪೇರಾಯಿತು ಎಂಬುದರಿಂದ ಕಣ್ತಪ್ಪಿದವುಗಳ ಪಾಲನ್ನು ಗಣಿತದಲ್ಲಿ ಹಿಂದಕ್ಕೆ ಎಳೆದು ತೆಗೆಯುತ್ತಾರೆ.

ಫಲಿತಾಂಶ: ದ್ವೀಪದಲ್ಲಿ ಸುಮಾರು 7,600 ಹಲ್ಲಿ. ಎಕರೆಗೆ ಇನ್ನೂರರಷ್ಟು. ಈ ಅಂದಾಜಿನ ಆಚೀಚೆ ಸಾವಿರಗಟ್ಟಲೆ ಅಂತರ ಇದೆ; ಒಂದು ಸಲ ನೋಡಿದಾಗ ಕಣ್ಣಿಗೆ ಬೀಳುವ ಸಂಭವ ಕಡಿಮೆ ಇರುವ ಪ್ರಾಣಿಯಲ್ಲಿ ಅದು ತಪ್ಪದು. ಆದರೆ ಕೆಳಗಿನ ತುದಿಯನ್ನೇ ಹಿಡಿದುಕೊಂಡರೂ 24ರ ಪಕ್ಕದಲ್ಲಿ ಇಡುವಂಥ ಸಂಖ್ಯೆಯಲ್ಲ.

ಹಾಗಿದ್ದರೆ ಇಲಿ ತೆಗೆದದ್ದರಿಂದ ಹಲ್ಲಿ 24ರಿಂದ 7,600ಕ್ಕೆ ಏರಿತು ಎನ್ನಬಹುದೇ? ಹೊಸಬರು ಹತ್ತರಲ್ಲಿ ಎಂಟು ಮಂದಿ ಹೌದು ಎನ್ನುತ್ತಾರೆ. ಹಾಗೆ ಹೇಳಲು ಬರುವುದಿಲ್ಲ. ಒಂದು ಕಂಡದ್ದರ ಲೆಕ್ಕ, ಇನ್ನೊಂದು ಇರುವುದರ ಅಂದಾಜು. ಸೇರಿಗೂ ಮೊಳಕ್ಕೂ ಕಳೆಯುವ ಲೆಕ್ಕ ಮಾಡಿದಂತೆ ಆಗುತ್ತದೆ. ಇಲಿ ಇದ್ದಾಗ ಹಲ್ಲಿ ನೂರಿದ್ದವೋ ಸಾವಿರವೋ ಎಂದು ಇನ್ನು ಯಾವ ಗಣಿತವೂ ಹೇಳಲಾರದು. ಆಗ ತೆತ್ತ ಬೆಲೆ ಎಂದೆನಲ್ಲ, ಅದು ಇದೇ. ಸಾಕ್ಷಿಗೆ ಕಾಯದೆ ವಿಷ ಇಟ್ಟದ್ದು ಸರಿ, ಆದರೆ ಇಡುವ ಮೊದಲು ಎರಡು ವಾರ ಕೂತು, ಮುಂದೆ ಹೋಲಿಸಲು ಬರುವ ಹಾಗೆ ಎಣಿಸಿಟ್ಟಿದ್ದರೆ ಈ ದ್ವೀಪ ಒಂದು ಹಲ್ಲಿಯನ್ನು ಉಳಿಸಿದ್ದಷ್ಟೇ ಅಲ್ಲ, ಜಗತ್ತಿನ ಬೇರೆ ಹಲ್ಲಿದ್ವೀಪಗಳಿಗೂ ಉತ್ತರ ಕೊಡುತ್ತಿತ್ತು. 'ಮೊದಲು' ಎನ್ನುವುದು ಒಮ್ಮೆ ಹೋದರೆ ಹೋಯಿತು.

ಪಟ್ಟಿಯಿಂದ ಇಳಿಸುವ ಧೈರ್ಯ

2018ರ ಜನವರಿಯಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ ಮೊನೀಟೊ ಹಲ್ಲಿಯನ್ನು ಪಟ್ಟಿಯಿಂದ ತೆಗೆಯುವ ಪ್ರಸ್ತಾವ ಹೊರಡಿಸಿತು. ಮಾರಿಯಾ ಚಂಡಮಾರುತ ಪೋರ್ಟೊ ರಿಕೊವನ್ನು ಜಜ್ಜಿ ಆಗಿನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಇಷ್ಟು ಸಣ್ಣ ಜಾಗ, ಒಂದೇ ಗುಂಪು, ಬಿರುಗಾಳಿಯ ದಾರಿ. ಇಳಿಸುವುದಾದರೂ ಹೇಗೆ ಎಂಬ ಪ್ರಶ್ನೆ ಸಹಜ.

ನನಗೆ ಈ ಕಡತದಲ್ಲಿ ತೀರ ಇಷ್ಟವಾದ ತರ್ಕ ಇದಕ್ಕೆ ಕೊಡುವ ಉತ್ತರದಲ್ಲಿದೆ. ದೊಡ್ಡ ನಾಡಿನಿಂದ ಓಡಿಸಲ್ಪಟ್ಟು ಮೂಲೆಗೆ ಬಂದು ನಿಂತ ಪ್ರಾಣಿ ಬೇರೆ, ಹುಟ್ಟಿನಿಂದ ಆ ಮೂಲೆಯದೇ ಆದ ಪ್ರಾಣಿ ಬೇರೆ. ಮೊನೀಟೊ ಹಲ್ಲಿ ಏನನ್ನೂ ಕಳೆದುಕೊಂಡು ಹದಿನೈದು ಹೆಕ್ಟೇರಿಗೆ ಬಂದದ್ದಲ್ಲ. ಅದರ ಲೋಕ ಯಾವತ್ತೂ ಅಷ್ಟೇ. ಮಾರಿಯಾಗಿಂತ ಮುಂಚೆ ಎಷ್ಟೋ ಬಿರುಗಾಳಿಗಳನ್ನು ಕಲ್ಲಿನ ಕೆಳಗೆ ಕೂತು ಕಳೆದಿದೆ. ಜಾಗ ಚಿಕ್ಕದು ಎಂಬುದೇ ಒಂದು ರೋಗವಾಗುವುದಿಲ್ಲ. ಬಾಂಬ್ ನಿಂತಿದೆ, ಇಲಿ ಇಲ್ಲ, ಮೋನಾ, ಮೊನೀಟೊ ಎರಡೂ ಸಂರಕ್ಷಿತ ಮೀಸಲು, ಎತ್ತರ ಇಷ್ಟಿರುವುದರಿಂದ ಸಮುದ್ರ ಏರಿದರೂ ನೆತ್ತಿ ಮುಳುಗದು. 2019ರ ಅಕ್ಟೋಬರ್‌ನಲ್ಲಿ ಅಂತಿಮ ಆದೇಶ ಬಂತು. ಪಟ್ಟಿಗೆ ಸೇರಿದ 37 ವರ್ಷಕ್ಕೆ ಹಲ್ಲಿ ಅದರಿಂದ ಹೊರಬಿತ್ತು, ಚೇತರಿಸಿಕೊಂಡದ್ದೆಂಬ ಕಾರಣಕ್ಕೆ.

ಪಟ್ಟಿಗೆ ಸೇರಿಸಿದ ಅಧಿಕಾರಿಯನ್ನು ಯಾರೂ ಬೈಯುವುದಿಲ್ಲ. ಇಳಿಸಿದವರನ್ನು ನಾಳೆ ಏನಾದರೂ ಆದರೆ ಎಲ್ಲರೂ ಬೈಯುತ್ತಾರೆ. ಅದಕ್ಕೇ ಎಷ್ಟೋ ಕಡತಗಳು ಏರಿದ ಮೆಟ್ಟಿಲಲ್ಲೇ ಕೂತಿರುತ್ತವೆ.

ನಮ್ಮ ಗುಡ್ಡಗಳಿಗೆ ಇದು ತಾಗುವ ಬಗೆ

ದ್ವೀಪ ಎಂದರೆ ಸುತ್ತ ನೀರೇ ಇರಬೇಕೆಂದಿಲ್ಲ. ಕೋಲಾರದಿಂದ ಮೈಸೂರಿನವರೆಗಿನ ಬಯಲಿನಲ್ಲಿ ಎದ್ದು ನಿಂತ ಒಂದೊಂದು ಕಲ್ಲುಗುಡ್ಡವೂ ರಾಗಿಹೊಲ, ಲೇಔಟುಗಳ ನಡುವಿನ ದ್ವೀಪವೇ. ಅಲ್ಲೂ ಇಂಥವೇ ಪುಟಾಣಿ ಹಲ್ಲಿಗಳಿವೆ, ಸ್ನೆಮಾಸ್ಪಿಸ್ ಕುಲದವು, ಹಗಲಲ್ಲೇ ಬಂಡೆಯ ನೆರಳಿನಲ್ಲಿ ಓಡಾಡುವವು. ಕೋಲಾರದ ಚಿನ್ನದ ಗಣಿ ಪ್ರದೇಶದಿಂದ 2020ರಲ್ಲಿ ವಿವರಿಸಿದ ಒಂದಕ್ಕೆ ನಮ್ಮ ಮಾತಿನಲ್ಲೇ 'ಬಂಗಾರ' ಎಂದು ಹೆಸರಿಟ್ಟಿದ್ದಾರೆ. ಇಂಥ ಗುಡ್ಡಗಳ ಮಗ್ಗುಲಲ್ಲೇ ಕ್ವಾರಿ ಲಾರಿಗಳು ಸಾಲುಗಟ್ಟಿರುವುದನ್ನು ಆ ಕಡೆ ಓಡಾಡಿದವರೆಲ್ಲ ಕಂಡಿದ್ದಾರೆ.

ಗುಡ್ಡವೊಂದಕ್ಕೆ ಹೋಗಿ ಬಂದು 'ನಾಲ್ಕು ಕಂಡವು ಸಾರ್' ಎಂದವರಿಗೆ ನಾನು ಕೇಳುವುದು ಮೂರು ಮಾತು. ಎಷ್ಟು ಹೊತ್ತು ಹುಡುಕಿದೆ? ಅದೇ ಜಾಗಕ್ಕೆ ಎಷ್ಟು ಸಲ ಹೋದೆ? ಏನೂ ಕಾಣದ ಸಲವನ್ನೂ ಬರೆದುಕೊಂಡೆಯಾ? ಮೂರನೆಯದಕ್ಕೆ ಬಹುತೇಕ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಸೊನ್ನೆಯನ್ನು ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಮೊನೀಟೊದ 7,600 ಹುಟ್ಟಿದ್ದು ಆ ಸೊನ್ನೆಗಳಿಂದಲೂ ಹೌದು.

ಇನ್ನು ಮೊನೀಟೊ. ಪಟ್ಟಿಯಿಂದ ಇಳಿದ ಮೇಲೂ ಕನಿಷ್ಠ ಐದು ವರ್ಷ ಕಣ್ಣಿಡಬೇಕೆಂದು ಆ ಕಾಯ್ದೆಯೇ ಹೇಳುತ್ತದೆ. ಮೋನಾದಿಂದ 5 ಕಿಲೋಮೀಟರ್ ಈಜಿ ಬರುವುದು ಇಲಿಯ ಕೈಲಾಗದ ಮಾತು. ಬಂದರೆ ದೋಣಿಯಲ್ಲೇ ಬರಬೇಕು. ಆ ಕಡಲಗಾಲುವೆಯಲ್ಲಿ ಕದ್ದು ಗಡಿ ದಾಟಿಸುವ ದೋಣಿಗಳು ಜನರನ್ನು ಮೊನೀಟೊದ ಬಂಡೆಯ ಮೇಲೆ ಇಳಿಸಿ ಹೋದದ್ದಿದೆ. ಹಸಿದು ಬಾಯಾರಿದ ಆ ಜನಕ್ಕೆ ಕಾಲಡಿಯ ಹಲ್ಲಿ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಅಂಥ ದೋಣಿಯ ಚೀಲವೊಂದರಲ್ಲಿ ಒಂದು ಬಸುರಿ ಇಲಿ ಇದ್ದರೆ ಸಾಕು. ಅದಕ್ಕೇ ಅಲ್ಲಿಗೆ ಹೋಗುವ ತಂಡದ ಕೈಚೀಲದಲ್ಲಿ ಹಲ್ಲಿ ಎಣಿಸುವ ಪುಸ್ತಕದ ಜೊತೆಗೆ ಬೋನೂ ಇರುತ್ತದೆ, ಇಲಿ ಕಡಿದರೆ ಹಲ್ಲಿನ ಗುರುತು ಉಳಿಯುವ ಕಡ್ಡಿಗಳೂ ಇರುತ್ತವೆ. ಸಂಜೆ ಇಟ್ಟ ಕಡ್ಡಿಯನ್ನು ಬೆಳಗ್ಗೆ ತೆಗೆದು, ಬಿಸಿಲಿಗೆ ಹಿಡಿದು, ನಾಲ್ಕೂ ಮಗ್ಗುಲು ತಿರುಗಿಸಿ ನೋಡಿ, ಪುಸ್ತಕದಲ್ಲಿ ಒಂದು ಸೊನ್ನೆ ಬರೆಯುತ್ತಾರೆ.